ತಲೆಗೊಂದು ಬಟ್ಟಲು

ಬಾಯಿ ಅಗಲವಾಗಿ ಬುಡ ಕಿರಿದಾದ, ಹಿಡಿಕೆಯಿಲ್ಲದ ಒಂದು ಪಿಂಗಾಣಿ ಬಟ್ಟಲು; ಅದರ ಬಾಯೊಳಗೆ ತುಸುವೇ ಇಳಿದು ಕೂರುವ ಮುಚ್ಚಳ; ಅಡಿಯಲ್ಲಿ, ಬಟ್ಟಲಿನ ಬುಡ ಅಲುಗದೆ ನಿಲ್ಲುವಂತೆ ಗುಳಿ ಮಾಡಿದ ಬಸಿ. ಚೀನೀಯರು ಇದನ್ನು ಗಾಯ್‌ವಾನ್ ಎನ್ನುತ್ತಾರೆ. ಗಾಯ್ ಅಂದರೆ ಮುಚ್ಚಳ, ವಾನ್ ಅಂದರೆ ಬಟ್ಟಲು. ಹೆಸರಿನಲ್ಲಿ ಬೇರೆ ಗುಟ್ಟೇನೂ ಇಲ್ಲ. ಆದರೆ ಇಂದು ಚಹಾ ಮಾರುವವರೂ ಚಹಾ ಮಾಡುವುದನ್ನು ಕಲಿಸುವವರೂ ಈ ಬೋಳು ಹೆಸರಿನ ಮೇಲೆ ಬೇಕಾದಷ್ಟು ಒಡವೆ ಹೇರಿದ್ದಾರೆ. ಮುಚ್ಚಳ ಆಕಾಶ, ಬಸಿ ಭೂಮಿ, ನಡುವಿನ ಬಟ್ಟಲು ಮನುಷ್ಯ. ಆದ್ದರಿಂದ ಇದು ‘ಸಾನ್‌ತ್ಸಾಯ್’ ಬಟ್ಟಲು, ಮೂರು ಲೋಕಶಕ್ತಿಗಳ ಬಟ್ಟಲು. ಹಿಂದಿನ ಕಾಲದ ಪಂಡಿತರು ಬೆಟ್ಟದ ಏಕಾಂತದಲ್ಲಿ ಕೂತು ಎಲೆಯ ಮರ್ಮ ಅರಿಯಲು ಇದನ್ನೇ ಹಿಡಿಯುತ್ತಿದ್ದರು ಎಂಬ ಕಥೆ ಸಲೀಸಾಗಿ ಓಡಾಡುತ್ತಿದೆ. ಸಾಕ್ಷ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಾಣುವ ಚರಿತ್ರೆ ಬೇರೆಯೇ. ಗಾಯ್‌ವಾನ್ ಏಕಾಂತದ ಪಾತ್ರೆಯಲ್ಲ, ಪಂಕ್ತಿಯ ಪಾತ್ರೆ. ರಸಿಕರು ಮೂಗು ಮುರಿದ ಒಂದು ಸುಲಭದ ಪದ್ಧತಿಯಿಂದ ಅದು ಹುಟ್ಟಿತು. ದೊಡ್ಡ ಮನೆಯ ಪಡಸಾಲೆ, ಅಧಿಕಾರಿಯ ಕಚೇರಿ, ಬೀದಿಯ ಚಹಾದಂಗಡಿ, ಹೀಗೆ ಜನ ಸೇರುವ ಕಡೆಗಳಲ್ಲಿ ತಲೆಗೊಂದರಂತೆ ಹಂಚಿಕೆಯಾಗುತ್ತ ಬೆಳೆಯಿತು. ರಸಿಕರ ಮೇಜಿನ ಮಧ್ಯಕ್ಕೆ ಅದು ಬಂದದ್ದು ತೀರ ಈಚೆಗೆ; ಬಂದದ್ದೂ ಕುಡಿಯುವ ಬಟ್ಟಲಾಗಿ ಅಲ್ಲ.

ಬಟ್ಟಲಿನ ವಯಸ್ಸು ತಿಳಿಯಬೇಕಾದರೆ ಅದರೊಳಗೆ ಏನಿತ್ತು ಎಂದು ಮೊದಲು ಕೇಳಬೇಕು. ಎಂಟನೆಯ ಶತಮಾನದಲ್ಲಿ, ತಾಂಗ್ ಅರಸರ ಕಾಲದಲ್ಲಿ, ಲು ಯು ಬರೆದ ‘ಚಾ ಜಿಂಗ್’ ಚಹಾದ ಬಗ್ಗೆ ಮಾತಾಡುವವರೆಲ್ಲ ಮೊದಲು ಕೈಗೆತ್ತಿಕೊಳ್ಳುವ ಗ್ರಂಥ. ಅವನ ಚಹಾ ಬಿಡಿ ಎಲೆಯಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸುತ್ತಿದ್ದರು. ಕುಡಿಯುವ ಹೊತ್ತಿಗೆ ಆ ಬಿಲ್ಲೆಯನ್ನು ಕೆಂಡಕ್ಕೆ ಹಿಡಿದು ಸುಟ್ಟು, ಪುಡಿ ಮಾಡಿ, ಉಪ್ಪು ಹಾಕಿದ ಕುದಿನೀರಿಗೆ ಸುರಿದು, ಸೌಟಿನಿಂದ ಬಟ್ಟಲುಗಳಿಗೆ ಬಡಿಸುತ್ತಿದ್ದರು. ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಎಲ್ಲ ಹಾಕಿ ಕುದಿಸುವವರನ್ನು ಕಂಡರೆ ಲು ಯುಗೆ ಆಗುತ್ತಿರಲಿಲ್ಲ. ಅಂಥ ಚಹಾ ಚರಂಡಿಗೆ ಲಾಯಕ್ಕು ಎಂಬುದು ಅವನ ತೀರ್ಪು. (ಇಂದಿನ ನಮ್ಮ ಮಸಾಲೆ ಚಹಾ ಅವನ ಕೈಗೆ ಸಿಗದಿದ್ದದ್ದು ಒಳ್ಳೆಯದೇ ಆಯಿತು.) ಬಟ್ಟಲಿನ ವಿಷಯದಲ್ಲೂ ಅವನದು ಖಡಾಖಂಡಿತ ಅಭಿರುಚಿ: ಯುವೆ ಗೂಡುಗಳ ಹಸಿರು ಮೆರುಗಿನ ಬಟ್ಟಲು ಮೇಲು, ಶಿಂಗ್ ಗೂಡುಗಳ ಬಿಳಿಯದು ಕೀಳು, ಯಾಕೆಂದರೆ ಬಿಳಿಯಲ್ಲಿ ಚಹಾ ಕೆಂಪಗೆ ಕಾಣುತ್ತದೆ. ಮುಂದಿನ ಸೊಂಗ್ ಕಾಲದಲ್ಲಿ ಪುಡಿ ಇನ್ನೂ ನುಣುಪಾಯಿತು. ಅದನ್ನು ಬಟ್ಟಲಿಗೇ ಹಾಕಿ, ಬಿಸಿನೀರು ಬಿಡುತ್ತ, ಬಿದಿರಿನ ಕಡೆಗೋಲಿನಿಂದ ಕಡೆದು ಬೆಳ್ಳನೆಯ ನೊರೆ ಎಬ್ಬಿಸುತ್ತಿದ್ದರು. ಯಾರ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. 1107ರ ಸುಮಾರಿಗೆ ಚಹಾದ ಮೇಲೆ ಗ್ರಂಥ ಬರೆದ ಚಕ್ರವರ್ತಿ ಹುಯಿತ್ಸುಂಗ್ ಕಪ್ಪು ಬಟ್ಟಲನ್ನೇ ಮೆಚ್ಚಿದ; ಫೂಜಿಯನ್ ಪ್ರಾಂತ್ಯದ ಜಿಯನ್ ಗೂಡುಗಳ ದಪ್ಪ ಕರಿ ಬಟ್ಟಲುಗಳಿಗೆ ಬೆಲೆ ಬಂದದ್ದು ಬಿಳಿ ನೊರೆ ಅದರಲ್ಲಿ ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ. ಇಂಥ ಚಹಾದ ಮೇಲೆ ಮುಚ್ಚಳ ಇಟ್ಟು ಏನು ಮಾಡಬೇಕು? ನೋಡಬೇಕಾದ ನೊರೆ ಮರೆಯಾಗುತ್ತದೆ. ತಡೆಯಬೇಕಾದ ಎಲೆಯೋ ಒಳಗೆ ಇಲ್ಲವೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದೇನಲ್ಲ. ಬಸಿ ಬಹಳ ಹಳೆಯದಲ್ಲವೇ? ತಾಂಗ್ ಕಾಲದ ಕೊನೆಯ ಭಾಗದ ಬರಹವೊಂದರಲ್ಲಿ ಬಸಿಯ ಹುಟ್ಟಿನ ಕಥೆಯೇ ಇದೆ. 780ರ ದಶಕದ ಆರಂಭದಲ್ಲಿ ಸಿಚುವಾನಿನ ದಂಡನಾಯಕ ತ್ಸುಯಿ ನಿಂಗ್ ಎಂಬವನ ಮಗಳು ಬಿಸಿ ಬಟ್ಟಲು ಹಿಡಿದು ಬೆರಳು ಸುಟ್ಟುಕೊಂಡಳಂತೆ. ತಟ್ಟೆಯ ಮೇಲೆ ಬಟ್ಟಲಿಟ್ಟರೆ ಜಾರುತ್ತದೆಂದು ಮೇಣವನ್ನು ಬಳೆಯಂತೆ ಮೆತ್ತಿ ಅದರೊಳಗೆ ಬಟ್ಟಲು ಕೂರಿಸಿದಳಂತೆ. ಆಮೇಲೆ ಮೇಣದ ಬದಲು ಅರಗಿನ ಬಳೆ ಬಂತಂತೆ. ಗಾಯ್‌ವಾನ್ ಸಿಚುವಾನಿನಲ್ಲೇ ಹುಟ್ಟಿತು ಎನ್ನುವವರಿಗೆ ಈ ಹುಡುಗಿಯೇ ಆಧಾರ. ಕಥೆ ಮುದ್ದಾಗಿದೆ, ಆದರೆ ಬಸಿಯನ್ನು ಕಂಡುಹಿಡಿದ ಕೀರ್ತಿಯನ್ನು ಅವಳಿಗೆ ಕೊಡಲು ಬಾರದು. ಅವಳು ಹುಟ್ಟುವ ಎರಡು ಮೂರು ಶತಮಾನಗಳ ಹಿಂದಿನ ದಕ್ಷಿಣ ಚೀನಾದ ಗೋರಿಗಳಲ್ಲಿ ಹಸಿರು ಮೆರುಗಿನ ಬಟ್ಟಲುಗಳು ಬಸಿಯ ಸಮೇತ ಸಿಕ್ಕಿವೆ. 1957ರಲ್ಲಿ ಶಿಯಾನ್ ನಗರದಲ್ಲಿ ನೆಲ ಅಗೆದಾಗ ಚಿನ್ನದ ನೀರು ಕೊಟ್ಟ ಏಳು ಬೆಳ್ಳಿ ಬಸಿಗಳು ದೊರೆತವು. 860ರಲ್ಲಿ ಮಾಡಿದ್ದೆಂದೂ ಚಹಾದ ಬಸಿಯೆಂದೂ ಅವುಗಳ ಮೇಲೆಯೇ ಕೆತ್ತಿದೆ. ಆದ್ದರಿಂದ ಬಸಿ ಹಳೆಯದು ಎನ್ನುವುದನ್ನು ನಿಸ್ಸಂಕೋಚವಾಗಿ ಒಪ್ಪೋಣ. ಮುಚ್ಚಳವಿರುವ ಬಟ್ಟಲೂ ಊಟಕ್ಕೆ, ಔಷಧಿಗೆ ಬಹು ಹಿಂದಿನಿಂದ ಇತ್ತು. ಆದರೆ ಗಾಲಿಯೂ ಎತ್ತೂ ಊರಲ್ಲಿದ್ದ ಮಾತ್ರಕ್ಕೆ ಗಾಡಿ ಇತ್ತು ಎನ್ನಲಾಗುವುದಿಲ್ಲ. ಮೂರು ತುಂಡುಗಳನ್ನು ಒಟ್ಟಿಗೆ ಬೇಡುವ ಕೆಲಸ ಬಂದಾಗ ಮಾತ್ರ ಅವು ಒಂದು ಪಾತ್ರೆಯಾಗುತ್ತವೆ. ಆ ಕೆಲಸ, ಬಿಡಿ ಎಲೆಯನ್ನು ಕುಡಿಯುವ ಬಟ್ಟಲಲ್ಲೇ ನೆನೆಹಾಕುವುದು.

ಬಸಿಯ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯಾಂತರ. ನಮ್ಮ ಉತ್ತರ ಕರ್ನಾಟಕದಲ್ಲಿ ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಆರಿಸಿ, ಸೊರ್ರನೆ ಹೀರುವುದು ರೂಢಿ. ಅಲ್ಲಿಯವರು ಹೇಳುವ ‘ಚಹಾ’, ಮೈಸೂರು ಕಡೆಯವರು ಹೇಳುವ ‘ಟೀ’, ಎರಡೂ ಚೀನೀ ಮಾತುಗಳೇ; ಒಂದು ಆ ದೇಶದ ಬಹುಭಾಗದ ಉಚ್ಚಾರ, ಇನ್ನೊಂದು ಫೂಜಿಯನ್ನಿನ ದಕ್ಷಿಣ ಕರಾವಳಿಯದು. ಆದರೆ ಚೀನಾದ ಬಸಿಗೆ ಚಹಾ ಎಂದೂ ಬೀಳುವುದಿಲ್ಲ. ಸುಡುವ ಬಟ್ಟಲಿಗೆ ಕೈ ತಾಗದಂತೆ ಅದನ್ನು ಎತ್ತಿ ಹಿಡಿಯುವುದೇ ಅದರ ಕೆಲಸ. ಎಡಗೈಯಲ್ಲಿ ಬಸಿ, ಬಲಗೈಯಲ್ಲಿ ಮುಚ್ಚಳದ ಗುಬುಟು. ಮುಚ್ಚಳವನ್ನು ಕೊಂಚ ಓರೆ ಮಾಡಿ ಎಲೆಗಳನ್ನು ಹಿಂದಕ್ಕೆ ತಳ್ಳಿ, ಆ ಸಂದಿನಿಂದ ಗುಟುಕರಿಸುವುದು. ಈ ಭಂಗಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬಿಡಿ ಎಲೆ ಯಾವಾಗ ಬಂತು? ಪಠ್ಯಪುಸ್ತಕಗಳ ಉತ್ತರ 1391. ಮಿಂಗ್ ವಂಶದ ಮೊದಲ ಚಕ್ರವರ್ತಿ ಜು ಯುವಾನ್‌ಜಾಂಗ್ ಬಡ ರೈತನ ಮಗ. ಅರಮನೆಗೆ ಕಪ್ಪವಾಗಿ ಬರುತ್ತಿದ್ದ ಬಿಲ್ಲೆ ಚಹಾದ ತಯಾರಿಗೆ ಜನ ಪಡುತ್ತಿದ್ದ ಪಾಡು ಸಾಕೆಂದು ಆ ವರ್ಷ ಅದನ್ನು ನಿಲ್ಲಿಸಿ, ಇನ್ನು ಬಿಡಿ ಎಲೆಯನ್ನೇ ಕಳಿಸಿ ಎಂದು ಆಜ್ಞೆ ಮಾಡಿದ. ಆಜ್ಞೆ ಹೊರಟದ್ದು ನಿಜ. ಆದರೆ ಒಂದು ಆಜ್ಞೆಯಿಂದ ಒಂದು ದೇಶದ ನಾಲಿಗೆ ಬದಲಾಯಿತು ಎನ್ನುವುದು ಅರಮನೆಯ ಕಿಟಕಿಯಿಂದ ನೋಡಿದ ಚರಿತ್ರೆ. 1313ರಲ್ಲೇ ವಾಂಗ್ ಜೆನ್ ಬರೆದ ಕೃಷಿಗ್ರಂಥದಲ್ಲಿ ಎಲೆ ಚಹಾ, ಪುಡಿ ಚಹಾ, ಮೇಣದ ಹೊಳಪಿನ ಬಿಲ್ಲೆ ಚಹಾ ಎಂದು ಮೂರು ಬಗೆಗಳಿವೆ; ಮೂರನೆಯದು ಅರಮನೆಗಷ್ಟೇ ಹೋಗುತ್ತದೆ, ಜನರ ಕಣ್ಣಿಗೆ ಬೀಳುವುದೇ ಅಪರೂಪ ಎಂಬ ಅರ್ಥದ ಮಾತಿದೆ. ಅಂದರೆ ಜನ ಆಗಲೇ ಎಲೆಗೆ ಹೊರಳಿದ್ದರು. ಚಕ್ರವರ್ತಿ ಎಂಬತ್ತು ವರ್ಷ ತಡವಾಗಿ ಮುದ್ರೆ ಒತ್ತಿದ. ಗಾಯ್‌ವಾನಿನ ಚರಿತ್ರೆಯಲ್ಲೂ ಇದೇ ಕ್ರಮ ಮತ್ತೆ ಕಾಣುತ್ತದೆ: ಮೊದಲು ಬೀದಿ, ಆಮೇಲೆ ಅರಮನೆ, ಕಟ್ಟಕಡೆಗೆ ರಸಿಕ.

ಎಲೆ ಕೈಗೆ ಬಂದ ಮೇಲೆ ಅದನ್ನು ನೆನೆಸಲು ಎರಡು ದಾರಿಗಳಿದ್ದವು. ಟೀಪಾಟಿನಲ್ಲಿ ನೆನೆಸಿ ಕಪ್ಪುಗಳಿಗೆ ಬಗ್ಗಿಸುವುದು ಒಂದು, ಕುಡಿಯುವ ಬಟ್ಟಲಿಗೇ ಎಲೆ ಹಾಕಿ ನೀರು ಹೊಯ್ಯುವುದು ಇನ್ನೊಂದು. ರಸಿಕರು ಮೊದಲನೆಯದನ್ನು ಆರಿಸಿಕೊಂಡರು. ಹದಿನಾರನೆಯ ಶತಮಾನದಲ್ಲಿ ಯಿಶಿಂಗ್ ಊರಿನ ನೇರಳೆ ಮಣ್ಣಿನ ಪಾಟುಗಳು ಹೆಸರು ಮಾಡಿದವು. 1597ರಲ್ಲಿ ಶು ತ್ಸಿಶು ಬರೆದ ‘ಚಾ ಶು’ ಗ್ರಂಥ ಪಾಟು ಚಿಕ್ಕದಿದ್ದಷ್ಟೂ ಒಳ್ಳೆಯದು ಎನ್ನುತ್ತದೆ. ಎರಡನೆಯ ದಾರಿಯ ಬಗ್ಗೆ ನಮಗಿರುವ ಬೆಲೆಬಾಳುವ ಸಾಕ್ಷಿ 1593ರ ‘ಚಾ ಕಾವ್’ ಎಂಬ ಪುಟ್ಟ ಬರಹ. ಬರೆದವನು ಚೆನ್ ಶಿ, ಹಾಂಗ್‌ಜೋ ಊರಿನವನು. ತನ್ನ ಊರಿನಲ್ಲಿ ನಯವಾದ ಎಲೆಯನ್ನು ಬಟ್ಟಲಿಗೆ ಹಾಕಿ ಕುದಿನೀರು ಹೊಯ್ಯುತ್ತಾರೆ, ಅದಕ್ಕೆ ‘ತ್ಸ್ವೋಪಾವ್’ ಎನ್ನುತ್ತಾರೆ ಎಂದು ಅವನು ದಾಖಲಿಸುತ್ತಾನೆ. ತ್ಸ್ವೋ ಅಂದರೆ ಚಿಟಿಕೆ. ಚಿಟಿಕೆಯಲ್ಲಿ ಹಾಕಿ ನೆನೆಸಿದ ಚಹಾ. ಉತ್ತರದಿಂದ ಬಂದ ಅತಿಥಿಗಳು ಇದನ್ನು ಕಂಡು ನಗುತ್ತಾರೆ, ತನಗೂ ಇದು ಹಿಡಿಸದು ಎಂದು ಅವನು ಮುಜುಗರಪಡುತ್ತಾನೆ. ಒಂದು ಪದ್ಧತಿ ಎಷ್ಟು ಬೇರುಬಿಟ್ಟಿತ್ತು ಎಂಬುದಕ್ಕೆ ಅದನ್ನು ಹೊಗಳಿದವರಿಗಿಂತ ಅದರಿಂದ ನಾಚಿಕೊಂಡವರ ಮಾತು ಹೆಚ್ಚು ನಂಬಿಕೆಗೆ ಯೋಗ್ಯ. ಹಾಂಗ್‌ಜೋ ಅಂದರೆ ಲುಂಗ್‌ಜಿಂಗ್ ಚಹಾದ ನೆಲ. ಅತ್ಯುತ್ತಮ ಎಲೆ ಬೆಳೆಯುವ ಊರಿನ ಸಾಮಾನ್ಯ ಜನ ಅದನ್ನು ಕುಡಿಯುತ್ತಿದ್ದದ್ದು ಪಂಡಿತರಿಗೆ ನಗೆಪಾಟಲಾಗಿದ್ದ ಈ ರೀತಿಯಲ್ಲಿ.

ಚಿಟಿಕೆ ಚಹಾದ ದೋಷಗಳನ್ನು ಹೇಳಲು ಪಂಡಿತನೇ ಬೇಕಾಗಿಲ್ಲ. ಎಲೆ ತೇಲಿ ಬಂದು ತುಟಿಗೆ ಹತ್ತುತ್ತದೆ. ಅಗಲ ಬಾಯಿಯ ಬಟ್ಟಲು ಬೇಗ ಆರುತ್ತದೆ, ಹಾಗಾಗಿ ಎಲೆ ಸರಿಯಾಗಿ ರಸ ಬಿಡುವುದಿಲ್ಲ. ಕುದಿನೀರು ಹೊಯ್ದ ತೆಳು ಪಿಂಗಾಣಿಯನ್ನು ಬರಿಗೈಯಲ್ಲಿ ಎತ್ತಲು ಆಗುವುದಿಲ್ಲ. ಈಗ ಗಾಯ್‌ವಾನನ್ನು ನೋಡಿ: ಮುಚ್ಚಳ ಎಲೆಯನ್ನು ತಡೆಯುತ್ತದೆ, ಶಾಖವನ್ನು ಹಿಡಿದಿಡುತ್ತದೆ, ಅದರಿಂದಲೇ ಒಮ್ಮೆ ನೀರನ್ನು ಕಲಕಿದರೆ ಅಡಿಯ ಎಲೆ ಮೇಲೆದ್ದು ಬಣ್ಣ ಬಿಡುತ್ತದೆ, ಬಸಿ ಕೈಯನ್ನು ಕಾಯುತ್ತದೆ. ಒಂದೊಂದು ದೋಷಕ್ಕೂ ಒಂದೊಂದು ತುಂಡು ಲೆಕ್ಕ ಹಾಕಿ ಕೂರಿಸಿದಂತಿದೆ. ಪಾತ್ರೆಯ ಆಕಾರವೇ ಅದರ ಹುಟ್ಟಿನ ಪತ್ರ. ಟೀಪಾಟಿನ ರಸಿಕನಿಗೆ ಇದರಲ್ಲಿ ಒಂದೂ ಬೇಕಿರಲಿಲ್ಲ, ಯಾಕೆಂದರೆ ಅವನ ಕಪ್ಪಿಗೆ ಎಲೆ ಬರುತ್ತಲೇ ಇರಲಿಲ್ಲ. ಟೀಪಾಟಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂತು ಹೊತ್ತು ನೋಡಿ ಬಗ್ಗಿಸುವ ಒಬ್ಬ ಮನುಷ್ಯ, ಮತ್ತು ಒಂದೇ ಹೊತ್ತಿಗೆ ಕುಡಿದು ಮುಗಿಸುವ ಮೂರು ನಾಲ್ಕು ಜನ. ಐವತ್ತು ಜನ ಬಂದಾಗ, ಒಬ್ಬ ಕುಡಿದು ಎದ್ದು ಇನ್ನೊಬ್ಬ ಕೂರುವಾಗ, ಟೀಪಾಟು ತಬ್ಬಿಬ್ಬಾಗುತ್ತದೆ. ಚಿಟಿಕೆ ಚಹಾದಲ್ಲಿ ಪ್ರತಿಯೊಬ್ಬನೂ ತನ್ನ ಬಟ್ಟಲಿನ ಯಜಮಾನ. ಬಡಿಸುವವನಿಗೆ ಉಳಿಯುವ ಕೆಲಸ ನೀರು ಹೊಯ್ಯುವುದೊಂದೇ.

ಚಿಂಗ್ ಕಾಲಕ್ಕೆ, ಅಂದರೆ 1644ರ ನಂತರ, ಮೂರು ತುಂಡುಗಳು ಕೂಡಿ ಒಂದಾದ ಪಾತ್ರೆ ಎಲ್ಲೆಡೆ ಕಾಣತೊಡಗುತ್ತದೆ. ಜಿಂಗ್‌ದೆಜೆನ್ ಗೂಡುಗಳು ಅದನ್ನು ರಾಶಿರಾಶಿಯಾಗಿ ಸುಟ್ಟವು. ಅದರ ಸಾಮಾಜಿಕ ಸ್ಥಾನ ಯಾವುದಾಗಿತ್ತು ಎನ್ನುವುದಕ್ಕೆ ಹದಿನೆಂಟನೆಯ ಶತಮಾನದ ಮಹಾಕಾದಂಬರಿ ‘ಕೆಂಪು ಮಹಡಿಯ ಕನಸು’ ಕೊಡುವಷ್ಟು ಸ್ಪಷ್ಟ ಚಿತ್ರವನ್ನು ಇನ್ನಾವ ದಾಖಲೆಯೂ ಕೊಡಲಾರದು. ಅದರ 41ನೆಯ ಅಧ್ಯಾಯದಲ್ಲಿ ಜಿಯಾ ಮನೆತನದ ಹಿರಿಯಜ್ಜಿ ತನ್ನ ಪರಿವಾರದೊಂದಿಗೆ ಸನ್ಯಾಸಿನಿ ಮ್ಯಾವ್‌ಯು ಇರುವ ಮಠಕ್ಕೆ ಹೋಗುತ್ತಾಳೆ. ಮ್ಯಾವ್‌ಯು ಮಡಿಗೆ ಹೆಸರಾದವಳು, ಚಹಾದ ರುಚಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಅಜ್ಜಿಗೆ ಅವಳು ಕೊಡುವುದು ಮಿಂಗ್ ಅರಸರ ಚೆಂಗ್‌ಹ್ವಾ ಕಾಲದ ಬಣ್ಣದ ಪುಟ್ಟ ಮುಚ್ಚಳದ ಕಪ್ಪು. ಉಳಿದ ಎಲ್ಲರಿಗೂ ಒಂದೇ ತೆರನಾದ, ತೆಳುವಾದ ಬಿಳಿ ಗಾಯ್‌ವಾನ್. ಆಮೇಲೆ ಅವಳು ತನಗೆ ಬೇಕಾದ ಇಬ್ಬರು ಹುಡುಗಿಯರನ್ನು ಮೆಲ್ಲಗೆ ಒಳಕೋಣೆಗೆ ಕರೆದೊಯ್ಯುತ್ತಾಳೆ. ಕಥಾನಾಯಕ ಬಾವ್‌ಯು ಹಿಂದಿನಿಂದ ನುಸುಳುತ್ತಾನೆ. ಅಲ್ಲಿ ಹೊರಬರುವುದು ವರ್ಷಗಟ್ಟಲೆ ನೆಲದಡಿ ಹೂತಿಟ್ಟ ಹಿಮದ ನೀರು, ಹೆಸರು ಕೆತ್ತಿದ ಪುರಾತನ ಪಾತ್ರೆಗಳು. ಗಾಯ್‌ವಾನ್ ಒಳಕೋಣೆಗೆ ಬರುವುದೇ ಇಲ್ಲ. ಅದು ಅಗ್ಗದ್ದಲ್ಲ, ಸರ್ಕಾರಿ ಗೂಡಿನ ಮಾಲು, ಆದರೂ ಪಂಕ್ತಿಯದು. ರಸಿಕರಲ್ಲಿ ರಸಿಕಳಾದವಳ ಮನಸ್ಸಿನಲ್ಲಿ ಅದರ ಜಾಗ ಯಾವುದೆಂದು ಕಾದಂಬರಿಕಾರ ತ್ಸಾವ್ ಶ್ಯುಯೆಚಿನ್‌ಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಚ್ಯೆನ್‌ಲುಂಗ್ ಚಕ್ರವರ್ತಿ? ಚಹಾಪ್ರಿಯನಾದ ಅವನು 1746ರಲ್ಲಿ ‘ಮೂರು ನಿರ್ಮಲ’ ಪೇಯದ ಮೇಲೆ ಪದ್ಯ ಬರೆದು, ಅದನ್ನು ಮುಚ್ಚಳದ ಬಟ್ಟಲುಗಳ ಮೈಮೇಲೆ ಬರೆಸಿದ. ಪಿಂಗಾಣಿಯಲ್ಲಿ, ಅರಗಿನಲ್ಲಿ, ಹಸಿರು ಜೇಡ್ ಶಿಲೆಯಲ್ಲಿ ಅವು ಇಂದಿಗೂ ಉಳಿದಿವೆ. ಗಾಯ್‌ವಾನ್ ಕುಲೀನ ಪಾತ್ರೆ ಎನ್ನುವವರು ಇವನ್ನೇ ಮುಂದೆ ಹಿಡಿಯುತ್ತಾರೆ. ಆದರೆ ಅವು ಬಳಕೆಯಾದದ್ದು ಎಲ್ಲಿ? ಹೊಸ ವರ್ಷದ ಹೊತ್ತಿಗೆ ಚುಂಗ್‌ಹ್ವಾ ಅರಮನೆಯಲ್ಲಿ ಚಕ್ರವರ್ತಿ ತನ್ನ ಮಂತ್ರಿಗಳನ್ನೂ ವಿದ್ವಾಂಸರನ್ನೂ ಸಾಲಾಗಿ ಕೂರಿಸಿ ಕವಿತೆ ಕಟ್ಟಿಸುತ್ತಿದ್ದ ಕೂಟಗಳಲ್ಲಿ, ತಲೆಗೊಂದರಂತೆ. ಬಟ್ಟಲಿನೊಳಗೆ ಇದ್ದದ್ದು ಪ್ಲಮ್ ಹೂ, ಬೆರಳು ಬೆರಳಾಗಿ ಸೀಳಿದ ಮಾದಳದ ಹಣ್ಣು, ಪೈನ್ ಬೀಜ. ತೇಲುವ ಸಾಮಾನು ಇಷ್ಟಿದ್ದ ಮೇಲೆ ಮುಚ್ಚಳ ಅಲಂಕಾರವಲ್ಲ, ಅನಿವಾರ್ಯ. ವಾಯವ್ಯದ ಲಾನ್‌ಜೋ, ನಿಂಗ್‌ಶ್ಯಾಗಳ ಹುಯಿ ಮುಸ್ಲಿಮರು ಇಂದಿಗೂ ಕಲ್ಲುಸಕ್ಕರೆ, ಒಣ ಬೋರೆಹಣ್ಣು, ಗೋಜಿ, ಲೊಂಗಾನ್ ಹಾಕಿ ಕುಡಿಯುವ ‘ಸಾನ್‌ಪಾವ್‌ತಾಯ್’ ಚಹಾ ಗಾಯ್‌ವಾನಿನಲ್ಲೇ ಬರುತ್ತದೆ. ಮುಚ್ಚಳದಿಂದ ಮತ್ತೆ ಮತ್ತೆ ಕೆರೆದು ಕುಡಿಯುತ್ತಾರೆ. ಚಕ್ರವರ್ತಿಯ ಹೂವಿಗೂ ಒಂಟೆದಾರಿಯ ಊರಿನ ಬೋರೆಹಣ್ಣಿಗೂ ಮುಚ್ಚಳ ಮಾಡುವ ಚಾಕರಿ ಒಂದೇ.

ಕಚೇರಿಗಳಲ್ಲಿ ಗಾಯ್‌ವಾನಿಗೆ ಇನ್ನೊಂದು ಉದ್ಯೋಗ ಸಿಕ್ಕಿತು, ಅದಕ್ಕೂ ರುಚಿಗೂ ಸಂಬಂಧವೇ ಇಲ್ಲ. ಚಿಂಗ್ ಅಧಿಕಾರಿಯನ್ನು ಕಾಣಲು ಹೋದವನಿಗೆ ಕೂತ ಕೂಡಲೇ ಚಹಾ ಬರುತ್ತಿತ್ತು, ಆದರೆ ಕುಡಿಯುವಂತಿರಲಿಲ್ಲ. ಮಾತು ಸಾಕೆನಿಸಿದಾಗ ಅಧಿಕಾರಿ ತನ್ನ ಬಟ್ಟಲನ್ನು ಎತ್ತುತ್ತಿದ್ದ. ಬಾಗಿಲ ಬಳಿಯ ಜವಾನ ‘ಅತಿಥಿಗಳನ್ನು ಬೀಳ್ಕೊಡಿ’ ಎಂದು ಕೂಗುತ್ತಿದ್ದ. ಚಿಂಗ್ ಆಳ್ವಿಕೆಯ ಕೊನೆಗಾಲದ ವಿಡಂಬನೆಯ ಕಾದಂಬರಿಗಳಲ್ಲಿ ಈ ಬಟ್ಟಲೆತ್ತುವ ನಾಟಕ ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ತಾಂಬೂಲದ ತಟ್ಟೆ ಬಂತೆಂದರೆ ಹೊರಡುವ ಹೊತ್ತಾಯಿತು ಎಂದು ಅರ್ಥ ಮಾಡಿಕೊಳ್ಳುವ ಹಾಗೆ. ವ್ಯತ್ಯಾಸವೆಂದರೆ ತಾಂಬೂಲ ತಿನ್ನಲಾದರೂ ಸಿಗುತ್ತದೆ.

ಗಾಯ್‌ವಾನಿನ ನಿಜವಾದ ರಾಜಧಾನಿ ಸಿಚುವಾನಿನ ಚೆಂಗ್ದು. 1909ರ ಸುಮಾರಿಗೆ ಫು ಚುಂಗ್‌ಜು ಸಂಪಾದಿಸಿದ ‘ಚೆಂಗ್ದು ತುಂಗ್‌ಲಾನ್’ ಎಂಬ ನಗರ ಕೈಪಿಡಿ ಅಲ್ಲಿ 516 ಬೀದಿಗಳಿಗೆ 454 ಚಹಾದಂಗಡಿಗಳಿದ್ದವೆಂದು ಲೆಕ್ಕ ಕೊಡುತ್ತದೆ. ಇಷ್ಟು ಅಂಗಡಿ ಯಾಕೆ? ವಿರಾಮಪ್ರಿಯ ಜನ ಎಂದು ಹೇಳಿ ಸುಮ್ಮನಾಗುವುದು ಸುಲಭ. 1930ರ ದಶಕದಲ್ಲಿ ಹೊರಗಿನಿಂದ ಬಂದ ವಿದ್ಯಾವಂತರು ಬೆಳಗಿನಿಂದ ಸಂಜೆಯವರೆಗೆ ಬಟ್ಟಲ ಮುಂದೆ ಕೂರುವ ಈ ಊರನ್ನು ಹಾಗೆಯೇ ಬೈದದ್ದುಂಟು. ಚೆಂಗ್ದು ಚಹಾದಂಗಡಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಇತಿಹಾಸಕಾರ ದಿ ವಾಂಗ್ ತೋರಿಸಿಕೊಡುವ ಕಾರಣಗಳು ನೀರು ಮತ್ತು ಸೌದೆಯವು. ಊರಿನ ಬಾವಿಗಳ ನೀರು ಸವುಳು; ಚಹಾಕ್ಕೆ ಒಗ್ಗುತ್ತಿರಲಿಲ್ಲ. ಅಂಗಡಿಗಳು ಕೋಟೆಯ ಹೊರಗಿನ ಹೊಳೆಯಿಂದ ನೀರು ಹೊರಿಸಿ ತಂದು, ಹೊಳೆನೀರಿನ ಚಹಾ ಎಂದು ಬಾಗಿಲಲ್ಲೇ ಸಾರುತ್ತಿದ್ದವು. ಸೌದೆ ದುಬಾರಿ, ಮನೆಯಲ್ಲಿ ಒಲೆ ಹೊತ್ತಿಸುವ ಬದಲು ಅಂಗಡಿಯಿಂದ ಬಿಸಿನೀರು ಕೊಂಡೊಯ್ಯುವ ಬಡವರು ಎಷ್ಟೋ ಜನ. ಅಂಗಡಿಯವನು ನಿಜವಾಗಿ ಮಾರುತ್ತಿದ್ದದ್ದು ಬಿಸಿನೀರು ಮತ್ತು ಬಿದಿರಿನ ಕುರ್ಚಿ. ಎಲೆ ಅದಕ್ಕೊಂದು ನೆಪ. ಈ ವ್ಯಾಪಾರಕ್ಕೆ ಗಾಯ್‌ವಾನ್ ಹೇಳಿ ಮಾಡಿಸಿದ ಪಾತ್ರೆ. ಒಮ್ಮೆ ಮಲ್ಲಿಗೆ ಹೂವಿನ ಚಹಾ ಹಾಕಿ ಕಾಸು ಪಡೆದರೆ ಆಮೇಲೆ ದಿನವಿಡೀ ನೀರು ಹೊಯ್ಯುತ್ತಿದ್ದರಾಯಿತು. ತೋಳಿನುದ್ದಕ್ಕೂ ಬಟ್ಟಲುಗಳನ್ನು ಪೇರಿಸಿಕೊಂಡು ಬರುವ ಮಾಣಿ ಲೋಹದ ಬಸಿಗಳನ್ನು ಮೇಜಿನ ಮೇಲೆ ಎಸೆದರೆ ಅವು ಗಿರ್ರನೆ ತಿರುಗಿ ಒಬ್ಬೊಬ್ಬರ ಮುಂದೆ ನಿಲ್ಲುತ್ತಿದ್ದವು. ತಾಮ್ರದ ಕೆಟಲಿನಿಂದ ನೀರು ಬೀಳುತ್ತಿತ್ತು, ಮುಚ್ಚಳ ಕೂರುತ್ತಿತ್ತು. ಎದ್ದು ಹೋಗಬೇಕಾದವನು ಮುಚ್ಚಳವನ್ನು ಕುರ್ಚಿಯ ಮೇಲಿಟ್ಟು ಹೋದರೆ ಈಗ ಬರುತ್ತಾನೆ, ಜಾಗ ಖಾಲಿಯಿಲ್ಲ ಎಂದು ಅರ್ಥ. ಮುಚ್ಚಳ ತೆಗೆದು ಬಸಿಗೆ ಒರಗಿಸಿದರೆ ನೀರು ಬೇಕು ಎಂದು ಅರ್ಥ. ಸದ್ದುಗದ್ದಲದ ನಡುವೆ ಬಾಯಿ ಬಿಡದೆ ನಡೆಯುವ ಮಾತುಕತೆ ಇದು. ಏಕಾಂತದಲ್ಲಿ ಕುಡಿಯುವವನಿಗೆ ಇಂಥ ಸಂಕೇತಗಳು ಯಾತಕ್ಕೆ ಬೇಕು?

ಬಟ್ಟಲು ಚೆಂಗ್ದುವಿನಲ್ಲಿ ಲೆಕ್ಕದ ಅಳತೆಯೂ ಆಗಿತ್ತು. ಚಹಾದ ದರ ಬಟ್ಟಲಿಗೆ ಇಷ್ಟು ಎಂದೇ. ಜಗಳವಾದ ಎರಡು ಪಕ್ಷದವರು ನ್ಯಾಯಾಲಯಕ್ಕೆ ಹೋಗದೆ ಚಹಾದಂಗಡಿಯಲ್ಲಿ ಹಿರಿಯರ ಮುಂದೆ ಕೂತು ‘ನ್ಯಾಯದ ಚಹಾ’ ಕುಡಿಯುತ್ತಿದ್ದರು. ತಪ್ಪಿತಸ್ಥನೆಂದು ತೀರ್ಮಾನವಾದವನು ಸೇರಿದವರೆಲ್ಲರ ಬಟ್ಟಲಿನ ದುಡ್ಡು ಕೊಡಬೇಕು. ಬಟ್ಟಲುಗಳನ್ನು ಎಣಿಸಿದರೆ ದಂಡ ತಿಳಿಯುತ್ತಿತ್ತು. ಕಾಸಿಲ್ಲದವನಿಗೂ ಒಂದು ದಾರಿಯಿತ್ತು: ಯಾರೋ ಕುಡಿದು ಬಿಟ್ಟುಹೋದ ಬಟ್ಟಲಿನಲ್ಲಿ ಎಲೆ ಇನ್ನೂ ರಸ ಬಿಡುವಂತಿದ್ದರೆ ಅದರಲ್ಲೇ ಕುಡಿಯುವುದು, ಬಹಳ ಅಂಗಡಿಯವರು ಕಂಡೂ ಕಾಣದಂತಿರುತ್ತಿದ್ದರು. ಟೀಪಾಟಿನ ಪದ್ಧತಿಯಲ್ಲಿ ಇಂಥ ದಾನ ಸಾಧ್ಯವೇ ಇಲ್ಲ, ಕಪ್ಪಿನಲ್ಲಿ ಉಳಿಯುವುದು ಆರಿದ ನೀರಷ್ಟೇ. ಇದಕ್ಕೆ ಎದುರಾಗಿ ಒಂದು ಮಾತು ಹೇಳಬಹುದು: ಯಾಂಗ್‌ತ್ಸೆ ನದಿಯ ಕೆಳಭಾಗದ ಊರುಗಳ ಚಹಾದಂಗಡಿಗಳೂ ಜನರಿಂದ ಗಿಜಿಗುಡುತ್ತಿದ್ದವು, ಅಲ್ಲಿ ಟೀಪಾಟುಗಳೂ ಧಾರಾಳವಾಗಿ ನಡೆದವು. ನಿಜ. ಜನ ಸೇರಿದ ಕಡೆಯೆಲ್ಲ ಗಾಯ್‌ವಾನ್ ಬಂದೇ ತೀರಬೇಕು ಎಂಬ ನಿಯಮ ಇಲ್ಲ. ನನ್ನ ವಾದ ಅದರ ತಿರುಗುಮುರುಗು: ಗಾಯ್‌ವಾನ್ ಗೆದ್ದ ಕಡೆಯಲ್ಲೆಲ್ಲ ಗೆಲುವಿನ ಕಾರಣ ಜನಸಂದಣಿಯೇ, ರಸಿಕತೆಯಲ್ಲ.

ಕೊನೆಯ ಆಕ್ಷೇಪ ಇಂದಿನ ಕುಡುಕರದು, ಚಹಾ ಕುಡುಕರದು. ಪುಟ್ಟ ಕಪ್ಪುಗಳಿಗೆ ಹಂಚಿ ಕುಡಿಯುವ ಗುಂಗ್‌ಫು ಚಹಾದ ಮೇಜಿನ ಮೇಲೆ ಗಾಯ್‌ವಾನ್ ಇಲ್ಲದೆ ನಡೆಯುವುದೇ ಇಲ್ಲವಲ್ಲ, ಅದು ರಸಿಕರ ಪರಂಪರೆಯಲ್ಲವೇ? ಪರಂಪರೆಯ ಮೂಲದಾಖಲೆಯನ್ನೇ ನೋಡೋಣ. ಗ್ವಾಂಗ್‌ದುಂಗ್ ಪ್ರಾಂತ್ಯದ ಚಾವ್‌ಜೋ ಪ್ರದೇಶದ ಗುಂಗ್‌ಫು ಚಹಾವನ್ನು ವಿವರವಾಗಿ ಬಣ್ಣಿಸಿದ ಹಳೆಯ ಬರಹ ಯು ಜ್ಯಾವ್ ಎಂಬವನದು, 1801ರ ಸುಮಾರಿನದು. ಅದರಲ್ಲಿ ಒಲೆಯಿದೆ, ಯಿಶಿಂಗ್ ಮಣ್ಣಿನ ಪುಟ್ಟ ಪಾಟು ಇದೆ, ಚಿಕ್ಕ ಚಿಕ್ಕ ಕಪ್ಪುಗಳಿವೆ. ಪೂಜೆಯ ಮಧ್ಯದ ವಿಗ್ರಹ ಪಾಟು. ಗಾಯ್‌ವಾನ್ ಆ ಪೀಠವನ್ನು ಏರಿದ್ದು ಪಾಟಿನ ಬದಲಿಯಾಗಿ, ಕೈ ಬಿಡುವಿಲ್ಲದಾಗ ಬೇಗ ಬಗ್ಗಿಸಿ ಬೇಗ ಎಲೆ ಚೆಲ್ಲಬಹುದೆಂಬ ಅನುಕೂಲಕ್ಕೆ. ಇಂದು ಜಗತ್ತೆಲ್ಲ ಹರಡಿರುವ ಮೇಜಿನ ಜೋಡಣೆ, ಅಂದರೆ ನೀರು ಬಸಿಯುವ ಹಲಗೆ, ಎಲ್ಲರಿಗೂ ಸಮನಾಗಿ ಹಂಚಲು ನಡುವೆ ಇಡುವ ‘ಗುಂಗ್‌ದಾವ್’ ಜಗ್ಗು, ಪರಿಮಳ ಮೂಸಲು ಬೇರೆ ಕಪ್ಪು, ಇದು ಕುದುರಿದ್ದು 1970 ಮತ್ತು 80ರ ದಶಕಗಳ ತೈವಾನಿನಲ್ಲಿ. ‘ಚಾ ಯಿ’ ಅಥವಾ ಚಹಾಕಲೆ ಎಂಬ ಹೆಸರು ಅಲ್ಲಿ ಆಗ ಚಾಲ್ತಿಗೆ ಬಂತು. ತಾಯ್‌ಪೆಯ ಪ್ರಸಿದ್ಧ ವಿಸ್ಟೇರಿಯಾ ಚಹಾಮನೆ ಶುರುವಾದದ್ದು 1981ರಲ್ಲಿ. ಚಾವ್‌ಜೋದ ಪ್ರಾದೇಶಿಕ ರೂಢಿ, ತೈವಾನಿನ ಚಹಾ ವ್ಯಾಪಾರ ಮತ್ತು ಜಪಾನೀ ಚಹಾವಿಧಿಯ ಪ್ರಭಾವ ಸೇರಿ ಈ ಕಲೆ ರೂಪುಗೊಂಡಿತು ಎಂದು ಇತಿಹಾಸಕಾರ ಲಾರೆನ್ಸ್ ಝಾಂಗ್ 2016ರ ಲೇಖನವೊಂದರಲ್ಲಿ ವಾದಿಸಿದ್ದಾರೆ. ಆಕಾಶ, ಭೂಮಿ, ಮನುಷ್ಯ ಎಂಬ ತತ್ವವೇನೋ ಬಹಳ ಪ್ರಾಚೀನ. ‘ಯಿ ಜಿಂಗ್’ ಗ್ರಂಥದ ಪರಂಪರೆಗೆ ಸೇರಿದ್ದು. ಆದರೆ ಮೂರು ತುಂಡಿರುವ ಯಾವ ವಸ್ತುವಿಗಾದರೂ ಅದನ್ನು ಅಂಟಿಸಬಹುದು. ತತ್ವ ಹಳೆಯದಾದರೆ ಅದನ್ನು ಹೊತ್ತ ಬಟ್ಟಲೂ ಹಳೆಯದಾಗಬೇಕೆಂದಿಲ್ಲ. ಹೊಸ ಮನೆಗೆ ಪುರಾಣದ ಹೆಸರಿಟ್ಟಂತೆ.

ಗುಂಗ್‌ಫು ಮೇಜಿನಲ್ಲಿ ಗಾಯ್‌ವಾನ್ ಹಿಡಿಯುವ ರೀತಿಯನ್ನು ನೋಡಿದರೆ ಸಾಕು, ಅದು ತವರು ಬಿಟ್ಟು ಬಂದದ್ದು ತಿಳಿಯುತ್ತದೆ. ಹೆಬ್ಬೆರಳು ಮತ್ತು ಮಧ್ಯದ ಬೆರಳು ಅಂಚಿಗೆ, ತೋರುಬೆರಳು ಮುಚ್ಚಳದ ಗುಬುಟಿಗೆ. ಒಂದೇ ಕೈಯಲ್ಲಿ ಎತ್ತಿ ಜಗ್ಗಿಗೆ ಬಗ್ಗಿಸುವುದು. ಬಾಯಿಗೆ ಹಿಡಿಯುವ ಮಾತೇ ಇಲ್ಲ. ಬಸಿ ಪಕ್ಕದಲ್ಲಿ ಕೆಲಸವಿಲ್ಲದೆ ಕೂತಿರುತ್ತದೆ. ಎಷ್ಟೋ ಜನ ಅದನ್ನು ಹಲಗೆಯಿಂದಲೇ ತೆಗೆದಿಡುತ್ತಾರೆ. ತಲೆಗೊಂದರಂತೆ ಇದ್ದ ಬಟ್ಟಲು ಈಗ ಎಲ್ಲರಿಗೂ ಸೇರಿ ಒಂದು. ಟೀಪಾಟನ್ನು ತಪ್ಪಿಸಿಕೊಳ್ಳಲು ಹುಟ್ಟಿದ ಪಾತ್ರೆ ತಾನೇ ಟೀಪಾಟಾಯಿತು. ಈ ಬಡ್ತಿ ಯಾಕೆ ಸಿಕ್ಕಿತು ಎಂದರೆ, ಮತ್ತೆ ಬೀದಿಯ ಕಾರಣಗಳೇ. ಯಿಶಿಂಗ್ ಮಣ್ಣು ಚಹಾದ ವಾಸನೆಯನ್ನು ಹೀರಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಬಲ್ಲವರು ಒಂದೊಂದು ಜಾತಿಯ ಚಹಾಕ್ಕೆ ಒಂದೊಂದು ಪಾಟು ಇಡುತ್ತಾರೆ. ದಿನಕ್ಕೆ ಇಪ್ಪತ್ತು ಬಗೆಯ ಚಹಾ ಗಿರಾಕಿಗೆ ರುಚಿ ತೋರಿಸಬೇಕಾದ ಅಂಗಡಿಯವನಿಗೆ ಅದು ಕೈಗೂಡುವ ಮಾತಲ್ಲ. ಮೆರುಗಿನ ಪಿಂಗಾಣಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಎಲೆ ಕಣ್ಣಿಗೆ ಕಾಣುತ್ತದೆ, ಬಗ್ಗಿಸಲು ಮೂರು ನಾಲ್ಕು ಸೆಕೆಂಡು, ತೊಳೆಯಲು ಇನ್ನೆರಡು.

ಬಿಳಿ ಗಾಯ್‌ವಾನ್ ಚಹಾದ ಗುಣದೋಷಗಳನ್ನು ಮುಚ್ಚಿಡದೆ ತೋರಿಸುತ್ತದೆ ಎಂದು ರಸಿಕರು ಮೆಚ್ಚುವುದುಂಟು. ಆ ಮೆಚ್ಚುಗೆ ಸರಿಯಾದದ್ದೇ, ಆದರೆ ಅದು ಖರೀದಿದಾರನ ಮೆಚ್ಚುಗೆ. ಚೀನಾದ ರಾಷ್ಟ್ರೀಯ ಮಾನದಂಡ ಊಲಾಂಗ್ ಚಹಾವನ್ನು ಪರೀಕ್ಷಿಸಲು ಗೊತ್ತುಮಾಡಿರುವುದು ಬೋರಲಾದ ಗಂಟೆಯಾಕಾರದ, 110 ಮಿಲಿಲೀಟರ್ ಹಿಡಿಯುವ ಮುಚ್ಚಳದ ಪಾತ್ರೆಯನ್ನು. 5 ಗ್ರಾಂ ಎಲೆ ಹಾಕಿ, ಕುದಿನೀರು ತುಂಬಿ, ಮೇಲೆದ್ದ ನೊರೆಯನ್ನು ಮುಚ್ಚಳದಿಂದ ಕೆರೆದು ಮುಚ್ಚುತ್ತಾರೆ. ಒಂದು ನಿಮಿಷಕ್ಕೆ ಮುಚ್ಚಳ ಎತ್ತಿ ಅದರ ಒಳಮೈಯನ್ನು ಮೂಸುತ್ತಾರೆ. ಎರಡು ನಿಮಿಷಕ್ಕೆ ರಸ ಬಗ್ಗಿಸುತ್ತಾರೆ. ಎರಡನೆಯ ಸಲ ಮೂರು ನಿಮಿಷ, ಮೂರನೆಯ ಸಲ ಐದು. ಮುಂದೆ ಸಾಲಾಗಿ ಇಂಥ ಹತ್ತಾರು ಪಾತ್ರೆಗಳು, ಒಂದೊಂದರಲ್ಲೂ ಒಂದೊಂದು ತೋಟದ ಮಾಲು. ಪರೀಕ್ಷಕ ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುತ್ತಾನೆ. ಇತ್ತ ಮನೆ, ಕಚೇರಿ, ಸಭಾಭವನಗಳಲ್ಲಿ ಹಳೆಯ ಚಿಟಿಕೆ ಚಹಾ ಹಾಗೆಯೇ ನಡೆದಿದೆ, ಪಾತ್ರೆ ಮಾತ್ರ ಬೇರೆ: ಉದ್ದನೆಯ ಪಿಂಗಾಣಿ ಕಪ್ಪು, ಮೇಲೆ ಮುಚ್ಚಳ, ಬಸಿಯ ಜಾಗಕ್ಕೆ ಪಕ್ಕದಲ್ಲೊಂದು ಹಿಡಿಕೆ. ಅಡಿಯಲ್ಲಿ ಚಿಟಿಕೆ ಎಲೆ, ಗಂಟೆಗೊಮ್ಮೆ ಫ್ಲಾಸ್ಕಿನಿಂದ ನೀರು.